ಜೋಡಿ ಅಕ್ರೋಟು

ಶೂಹುವಾ ಚೌಕಾಸಿಗೆ ನಿಂತಳೆಂದರೆ ಅಂಗಡಿಯವರು ಮೊದಲು ಕೂರಲು ಒಂದು ಸ್ಟೂಲು ಎಳೆದುಕೊಳ್ಳುತ್ತಿದ್ದರು. ನಿಂತುಕೊಂಡು ಮುಗಿಸುವ ವ್ಯವಹಾರವಲ್ಲ ಅದು ಎಂಬುದು ತಾಯ್‌ಯುವಾನ್ ಊರಿನ ತರಕಾರಿ ಮಾರುಕಟ್ಟೆಗೆಲ್ಲ ಗೊತ್ತಿದ್ದ ಸಂಗತಿ. ಒಂದು ಕಟ್ಟು ಈರುಳ್ಳಿ ಸೊಪ್ಪಿಗೆ ಶುರುವಾದ ಮಾತು ಅಂಗಡಿಯವನ ಅಜ್ಜನ ಕಾಲದ ಬೆಲೆಯವರೆಗೂ ಹೋಗಿ, ಅಲ್ಲಿಂದ ಹಿಂದಿರುಗುವಾಗ ಒಂದು ತುಂಡು ಶುಂಠಿಯನ್ನೂ ಪುಕ್ಕಟೆಯಾಗಿ ಕರೆದುಕೊಂಡು ಬರುತ್ತಿತ್ತು. ರೈಲ್ವೆ ಕ್ವಾರ್ಟರ್ಸಿನ ಹೆಂಗಸರು ಸೋಫಾ ಕೊಳ್ಳುವುದಿದ್ದರೂ, ಸೊಸೆಗೆ ಬಳೆ ಕೊಳ್ಳುವುದಿದ್ದರೂ ಅವಳನ್ನು ಮುಂದೆ ಬಿಟ್ಟುಕೊಂಡು ಹೋಗುತ್ತಿದ್ದರು. ಅವಳು ಕೂಲಿ ಕೇಳುತ್ತಿರಲಿಲ್ಲ. ಹೊಗಳಿದರೆ ಸಾಕಿತ್ತು. ಹೊಗಳಿಕೆಯಲ್ಲಿ ಮಾತ್ರ ಅವಳು ಒಂದು ಪೈಸೆಯನ್ನೂ ಕಡಿಮೆ ಮಾಡಿಸುತ್ತಿರಲಿಲ್ಲ.

ಗಂಡ ದೆಶಾನ್ ಇದಕ್ಕೆ ತದ್ವಿರುದ್ಧ. ರೈಲ್ವೆಯಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತನಾದವನು. ಗೇಟಿನ ಗೋಡೆಗೆ ಬಳಿದ ಗೆರೆಗಿಂತ ಮಗುವಿನ ತಲೆ ಕೂದಲೆಳೆಯಷ್ಟು ಮೇಲೆ ಬಂದರೂ ಅರ್ಧ ಟಿಕೆಟ್ ತೆಗೆಸದೆ ಒಳಗೆ ಬಿಡುತ್ತಿರಲಿಲ್ಲ. ಒಮ್ಮೆ ಸ್ವಂತ ಮೊಮ್ಮಗನಿಗೇ ಅರ್ಧ ಟಿಕೆಟ್ ತೆಗೆಸಿದ್ದಕ್ಕೆ ಸೊಸೆ ಹೊಸ ವರ್ಷದ ಹಬ್ಬದವರೆಗೂ ಮಾತು ಬಿಟ್ಟಿದ್ದಳು. ಅಂಗಡಿಯವನು ಹೇಳಿದ್ದೇ ಬೆಲೆ, ಕೊಡುವುದೇ ಧರ್ಮ ಎಂದು ನಂಬಿದ್ದ ಈ ಸಾಧು ಪ್ರಾಣಿಗೆ ಹೆಂಡತಿಯ ಪಕ್ಕದಲ್ಲಿ ಬಿಸಿನೀರಿನ ಫ್ಲಾಸ್ಕ್ ಹಿಡಿದು ನಿಲ್ಲುವುದೊಂದೇ ಕೆಲಸ.

ಈ ವಸಂತದಲ್ಲಿ ಅವನ ತಲೆಯೊಳಗೆ ಒಂದು ಸಣ್ಣ ನರ ಮುಷ್ಕರ ಹೂಡಿತು. ಆಸ್ಪತ್ರೆಯಿಂದ ಬಂದಾಗ ಕಾಲು ಸರಿಯಿತ್ತು, ಮಾತು ಮೊದಲೇ ಕಡಿಮೆ, ಇದ್ದಷ್ಟು ಉಳಿದಿತ್ತು. ಬಲಗೈ ಮಾತ್ರ ಹೋಯಿತು. ಬೆರಳು ಮಡಚುತ್ತಿತ್ತು, ಬಿಚ್ಚುತ್ತಿತ್ತು, ಆದರೆ ಸ್ಪರ್ಶವೇ ಇಲ್ಲ. ಕೈಯಲ್ಲಿ ಊಟದ ಕಡ್ಡಿ ಇದೆಯೋ ಬಿದ್ದಿದೆಯೋ ಎಂದು ಅವನು ನೋಡಿಯೇ ತಿಳಿದುಕೊಳ್ಳಬೇಕಾಗಿತ್ತು. ಡಾಕ್ಟರು ಹೇಳಿದ್ದು ಇಷ್ಟು: ಒರಟಾದ ಏನನ್ನಾದರೂ ಅಂಗೈಯಲ್ಲಿ ಉರುಳಿಸುತ್ತಾ ಇರಿ, ಒಂದಲ್ಲ ಒಂದು ದಿನ ನರಕ್ಕೆ ಬುದ್ಧಿ ಬರಬಹುದು.

ಬರಬಹುದು ಎಂಬ ಮಾತನ್ನು ಶೂಹುವಾ ಬರುತ್ತದೆ ಎಂದೇ ಕೇಳಿಸಿಕೊಂಡಳು. ಒರಟಾದದ್ದು ಅಂದರೆ ಅಂಗೈ ಅಕ್ರೋಟು. ಮುದುಕರು ಪಾರ್ಕಿನಲ್ಲಿ ಕೂತು ಕಟಕಟ ಎಂದು ಉರುಳಿಸುತ್ತಾರಲ್ಲ, ಅದೇ. ಅದರಲ್ಲೂ ಬೀಜಿಂಗಿನ ಬೆಟ್ಟದ ಅಕ್ರೋಟೇ ಆಗಬೇಕು. ಕ್ವಾರ್ಟರ್ಸಿನ ನಿವೃತ್ತರೆಲ್ಲ ಸೇರಿ ಬೀಜಿಂಗ್ ಪ್ರವಾಸ ಹೊರಟಾಗ ಅವಳು ಎಲ್ಲರಿಗಿಂತ ಮೊದಲು ಹೆಸರು ಕೊಟ್ಟಳು. ಕೈಯ ವಿಷಯ ಮಾತ್ರ ಯಾರಿಗೂ ಹೇಳಲಿಲ್ಲ. ಹೇಳಿದರೆ ಪ್ರವಾಸದ ಕಂಪನಿಯವರು ಬೇಡ ಅಂದಾರು ಎಂಬುದು ಒಂದು ಕಾರಣ. ಇನ್ನೊಂದು ಕಾರಣದ ಹೆಸರು ಛುನ್‌ಯಾನ್. ಎದುರು ಮನೆಯ ಈ ಛುನ್‌ಯಾನ್ ಬಾಯಿಗೆ ಬಿದ್ದ ಸುದ್ದಿ ಅನ್ನ ಬೇಯುವ ಮೊದಲೇ ಕ್ವಾರ್ಟರ್ಸಿನ ಎಲ್ಲರ ಫೋನಿಗೂ ತಲುಪುತ್ತಿತ್ತು. ಅದಕ್ಕೇ ದೆಶಾನ್ ಎಡಗೈಯಲ್ಲಿ ಚಮಚ ಹಿಡಿದು ಊಟ ಮಾಡುವುದನ್ನು ಶೂಹುವಾ ಎಲ್ಲರಿಗೂ "ಭುಜ ಹಿಡ್ಕೊಂಡಿದೆ" ಎಂದು ಹೇಳಿ ಮುಗಿಸಿದ್ದಳು.

ಬೀಜಿಂಗಿನ ಹಳೇ ಸಾಮಾನಿನ ಸಂತೆಗೆ ಹೋಗುವ ದಿನ ಬಸ್ಸಿನಲ್ಲಿ ಅವಳದೇ ಉಪನ್ಯಾಸ. ಎಲ್ಲರ ತಲೆಯ ಮೇಲೂ ಪ್ರವಾಸದವರು ಕೊಟ್ಟ ಕೆಂಪು ಟೋಪಿ. ಅವಳು ಡ್ರೈವರ್ ಹಿಂದಿನ ಕಂಬ ಹಿಡಿದು ನಿಂತು ಹೇಳಿದಳು:

"ಅವನು ಹೇಳಿದ ಬೆಲೇಲಿ ಮೊದಲು ಒಂದು ಸೊನ್ನೆ ಕಿತ್ತು ಬಿಸಾಕಿ. ಆಮೇಲೆ ಸಾಮಾನನ್ನ ಬೈಯಿರಿ, ಅವನನ್ನ ಬೈಬೇಡಿ. ಆಮೇಲೆ ಪರ್ಸ್ ಬಿಚ್ಚಿ ಬಡತನ ತೋರಿಸಿ. ಯಾವುದಕ್ಕೂ ಬಗ್ಗಲಿಲ್ಲ ಅಂದ್ರೆ ಹೊರಟುಬಿಡಿ. ಕರೀತಾನೆ. ಮೊದಲ್ನೇ ಸಲ ಕರೆದಾಗ ತಿರುಗಬೇಡಿ, ಎರಡ್ನೇ ಸಲಕ್ಕೂ ತಿರುಗಬೇಡಿ. ತಿರುಗಿದ್ರೋ, ಕೆಟ್ಟಿರಿ."

"ಕರೀದೇ ಇದ್ರೆ?" ಎಂದಳು ಛುನ್‌ಯಾನ್, ಫೋನಿನಲ್ಲಿ ಇದನ್ನೆಲ್ಲ ಹಿಡಿಯುತ್ತಾ.

"ನನ್ನನ್ನ ಕರೀದೇ ಇದ್ದೋನು ಇನ್ನೂ ಅಂಗಡಿ ಇಟ್ಟಿಲ್ಲ."

ದೆಶಾನ್‌ಗೆ ಪ್ರತ್ಯೇಕ ಪಾಠ. ಇಷ್ಟವಾಯಿತು ಎಂದು ಮುಖದಲ್ಲಿ ಕಾಣಿಸಕೂಡದು, ಕಂಡರೆ ಬೆಲೆ ದುಪ್ಪಟ್ಟು. ಅವನು ತಲೆಯಾಡಿಸಿದ. ಟಿಕೆಟ್ ಇಲ್ಲದವರ ಅಳು, ನಗು, ಶಾಪಗಳನ್ನೆಲ್ಲ ನೋಡಿ ನೋಡಿ ಅವನ ಮುಖ ಗೋಡೆಯ ಹಾಗೆ ಇರುವುದನ್ನು ಎಂದೋ ಕಲಿತಿತ್ತು.

ಅಕ್ರೋಟಿನ ಸಾಲಿನಲ್ಲಿ ಅವಳು ಆರಿಸಿದ್ದು ಲುವೋ ಎಂಬವನ ಅಂಗಡಿ. ಗುಂಡು ಮುಖದ ಬೀಜಿಂಗಿನವನು, ಸೂರ್ಯಕಾಂತಿ ಬೀಜ ಕಚ್ಚಿ ಕಚ್ಚಿ ಮುಂದಿನ ಹಲ್ಲಿನಲ್ಲಿ ಒಂದು ಕಚ್ಚು ಬಿದ್ದಿತ್ತು. ಕೆಂಪು ಬಟ್ಟೆಯ ಮೇಲೆ ಅಕ್ರೋಟುಗಳು ಎರಡೆರಡಾಗಿ ಗಂಡ ಹೆಂಡಿರ ಹಾಗೆ ಕೂತಿದ್ದವು. ಆಕಾರ, ಗಾತ್ರ, ಬಣ್ಣ ಮೂರೂ ಹೊಂದಿದರೇ ಜೋಡಿ, ಜೋಡಿಯಾದರೇ ಬೆಲೆ. ಒಂದು ಕಳೆದರೆ ಇನ್ನೊಂದನ್ನು ಕೇಳುವವರಿಲ್ಲ. ಪಕ್ಕದಲ್ಲಿ ಹಣದ ಡಬ್ಬಿ, ಅಂದರೆ ಫೋನಿನಿಂದ ದುಡ್ಡು ಹಾಕಿದ ಕೂಡಲೇ ಎಷ್ಟು ಬಂತು ಎಂದು ಊರಿಗೆಲ್ಲ ಕೂಗಿ ಹೇಳುವ ಆ ಬಿಳಿ ಡಬ್ಬಿ. ಶೂಹುವಾಳಿಗೆ ಆ ಡಬ್ಬಿ ಕಂಡರಾಗದು. ಬೆಲೆ ಅನ್ನುವುದು ಕೊಂಡವರ ಮತ್ತು ಮಾರಿದವರ ನಡುವಿನ ಮಾತು, ಬೀದಿಗೆ ಯಾಕೆ ಬೇಕು. ಅವಳು ನೋಟೇ ಕೊಡುತ್ತಿದ್ದಳು.

ಲುವೋ ಒಂದು ಜೋಡಿಯನ್ನು ದೆಶಾನ್ ಮುಂದೆ ಸರಿಸಿದ. ಆಳವಾದ ಗೀರುಗಳು, ಬೆಟ್ಟದ ಕಣಿವೆಗಳಂತೆ. ದೆಶಾನ್ ಎಡಗೈಯಿಂದ ಒಂದನ್ನು ಎತ್ತಿ ಬಲ ಅಂಗೈಗೆ ಇಟ್ಟುಕೊಂಡ, ಇನ್ನೊಂದನ್ನು ಬಟ್ಟೆಯ ಮೇಲೇ ಬಿಟ್ಟ.

"ಎಷ್ಟು, ತಮ್ಮ?"

"ಅಕ್ಕ, ಹಳೇ ಮರದ್ದು. ಇವೆರಡನ್ನ ಜೋಡಿ ಮಾಡೋಕೆ ಎರಡು ಸುಗ್ಗಿ ಕಾದಿದೀನಿ. ಆರುನೂರು."

"ಅರವತ್ತು."

"ಅರವತ್ತಕ್ಕೆ ಇದರ ಪೆಟ್ಟಿಗೆ ಬರುತ್ತೆ, ಅಕ್ಕ. ಖಾಲಿ ಪೆಟ್ಟಿಗೆ."

"ಪೆಟ್ಟಿಗೆ ನಮ್ಮನೇಲಿದೆ. ಜೋಡಿ ಅಂತೀಯಲ್ಲ, ಒಂದು ದಪ್ಪ, ಒಂದು ಸೊರಗಿದೆ. ಅಣ್ತಮ್ಮ ಅಲ್ಲ ಇವು, ಮಾವ ಅಳಿಯ."

"ಅವಳಿ ಮಕ್ಕಳು ಅಕ್ಕ. ಅಳತೆ ಕಡ್ಡಿ ಹಿಡಿದು ತೋರಿಸ್ಲಾ?"

"ನಿನ್ನ ಅಳತೆ ಕಡ್ಡಿನೂ ನಿನ್ನ ಮಾತೇ ಕೇಳುತ್ತೆ. ಈ ಬಣ್ಣ ಏನಿದು, ಜ್ವರ ಬಂದು ಎದ್ದ ಹಾಗೆ?"

ಲುವೋಗೆ ಖುಷಿಯಾಯಿತು. ಬೆಳಗಿನಿಂದ ಬಂದವರೆಲ್ಲ ಬೆಲೆ ಕೇಳಿ ಫೋಟೊ ತೆಗೆದು ಹೋಗುವವರೇ. ಇಲ್ಲಿ ಬಲ್ಲವಳೊಬ್ಬಳು ಬಂದಿದ್ದಳು. ಅವನು ಸ್ಟೂಲು ಎಳೆದುಕೊಂಡ. ಮುಂದಿನ ಕಾಲು ಗಂಟೆ ಆ ಸಾಲಿನವರಿಗೆ ಪುಕ್ಕಟೆ ನಾಟಕ. ಅವನು ನಾನೂರಕ್ಕೆ ಇಳಿದ, ಅವಳು ಎಂಬತ್ತಕ್ಕೆ ಹತ್ತಿದಳು. ಅವನು ಮಗನ ಕಾಲೇಜು ಫೀಜು ತೆಗೆದ, ಅವಳು ಪರ್ಸ್ ತೆಗೆದಳು. ಆ ಪರ್ಸಿನಲ್ಲಿ ಚೌಕಾಸಿಗೆಂದೇ ಬೇರೆಯಾಗಿ ಇಟ್ಟ ಮುದುಡಿದ ನೋಟುಗಳಿದ್ದವು, ಅವನ್ನು ನೋಡಿದರೆ ಯಾರಿಗಾದರೂ ಅಯ್ಯೋ ಎನ್ನಿಸಬೇಕು. ಅಸಲಾದ ದುಡ್ಡು ಒಳಜೇಬಿನಲ್ಲಿ ಬೆಚ್ಚಗೆ ಮಲಗಿತ್ತು. ಅವನು ಮುನ್ನೂರು, ಆಮೇಲೆ ಇನ್ನೂರ ಅರವತ್ತು. ಅವಳು ನೂರು.

"ಇನ್ನೂರ ಅರವತ್ತರ ಕೆಳಗೆ ಇಳಿದ್ರೆ ನನಗೆ ಗಿಟ್ಟಲ್ಲ, ಅಕ್ಕ. ನೀವೇ ಬಂದು ಅಂಗಡಿಲಿ ಕೂತ್ಕೊಳ್ಳಿ."

"ನಡಿ ಮುದುಕಪ್ಪ," ಎಂದು ಶೂಹುವಾ ಕಡ್ಡಿ ಮುರಿದ ಹಾಗೆ ಹೇಳಿ ಗಂಡನ ತೋಳು ಹಿಡಿದಳು. "ಊರ ತುಂಬ ಅಕ್ರೋಟು."

ಹತ್ತು ಹೆಜ್ಜೆ ಹೋಗಿರಬೇಕು. ಹಿಂದಿನಿಂದ ಲುವೋ ಕರೆದ: "ಅಕ್ಕ, ಅಕ್ಕ, ನಿಲ್ಲಿ."

"ಒಂದು," ಎಂದಳು ಶೂಹುವಾ. "ತಿರುಗಬೇಡ."

"ಏ ಅಕ್ಕ, ಬನ್ನಿ ಇಲ್ಲಿ. ಅಣ್ಣಾ, ನಿಲ್ಲಿ ಅಂದೆ."

"ಎರಡು. ಇನ್ನೂರಕ್ಕೆ ಬಂದಿರ್ತಾನೆ."

ದೆಶಾನ್ ಕುತ್ತಿಗೆ ತಿರುಗಿಸಹೋದ. ಅವಳು ತೋಳು ಜಗ್ಗಿದಳು. ಮೂರನೇ ಕೂಗು ಬಂತು. ನಿಯಮದ ಪ್ರಕಾರ ತಿರುಗಬೇಕಾಗಿತ್ತು. ಆದರೆ ಆ ಕೂಗಿನಲ್ಲಿ ಎಂಥ ಸಂಕಟ ಇತ್ತೆಂದರೆ, ಇನ್ನೊಂದು ಸಲ ಕರೆಸಿಕೊಂಡರೆ ನೂರಕ್ಕೆ ಇಳಿಯುವುದು ಖಂಡಿತ ಎನ್ನಿಸಿತು. ನಾಲ್ಕನೆಯದೂ ಬಂತು. ಆಮೇಲೆ ಪಕ್ಕದ ಮಣಿ ಅಂಗಡಿಯವಳೂ ಕರೆದಳು, ಹಳೇ ಗಡಿಯಾರದವನೂ ಕರೆದ, ಇಡೀ ಸಾಲೇ "ಕೆಂಪು ಟೋಪಿ, ಕೆಂಪು ಟೋಪಿ" ಎಂದು ಕೂಗತೊಡಗಿತು. ಶೂಹುವಾಳ ಬೆನ್ನಿಗೆ ಅದು ಚಪ್ಪಾಳೆಯಂತೆ ಕೇಳಿಸಿತು. ಇಷ್ಟು ವರ್ಷ ಚೌಕಾಸಿ ಮಾಡಿದ್ದಕ್ಕೆ ಒಂದು ಇಡೀ ಬೀದಿ ಸೋತು ಕರೆಯುತ್ತಿದೆ, ಅದೂ ರಾಜಧಾನಿಯಲ್ಲಿ. ಅವಳು ಇನ್ನೂ ಬಿರುಸಾಗಿ ನಡೆದಳು.

ಮೂಲೆ ತಿರುಗಿ ಬಿಸಿನೀರಿನ ನಲ್ಲಿಯ ಹತ್ತಿರ ನಿಂತಳು. ಇನ್ನು ಅವನು ಓಡಿ ಬರುತ್ತಾನೆ. ಇಲ್ಲವೇ ಅಂಗಡಿ ಬಿಟ್ಟು ಬರಲಾರದೆ ಯಾರನ್ನಾದರೂ ಕಳಿಸುತ್ತಾನೆ. ಯಾರೂ ಬರಲಿಲ್ಲ.

"ಫ್ಲಾಸ್ಕ್ ಮುಚ್ಚಳ ಹಿಡ್ಕೋ," ಎಂದಳು, ಕಾಯುವ ಹೊತ್ತಿಗೆ ನೀರಾದರೂ ತುಂಬಿಸೋಣ ಎಂದು.

ದೆಶಾನ್ ಎಡಗೈಯಲ್ಲಿ ಫ್ಲಾಸ್ಕ್ ಇತ್ತು. ಬಲಗೈ ಮುಷ್ಟಿ ಕಟ್ಟಿತ್ತು. ಶೂಹುವಾ ಆ ಮುಷ್ಟಿಯನ್ನು ನೋಡಿದಳು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಒಳಗೆ ಅಕ್ರೋಟು ಕೂತಿತ್ತು.

ಆ ಬೀದಿ ಯಾಕೆ ಕೂಗುತ್ತಿತ್ತು ಎಂಬುದು ಈಗ ಒಂದೊಂದು ಕೂಗಾಗಿ ಅರ್ಥವಾಯಿತು.

"ಗೊತ್ತಾಗ್ಲಿಲ್ಲ ಅಲ್ವಾ ನಿನಗೆ?" ಎಂದಳು ಮೆಲ್ಲಗೆ.

ದೆಶಾನ್ ಅಂಗೈಯನ್ನೇ ನೋಡುತ್ತಿದ್ದ. ಏನೋ ಹೇಳಲು ಹೋಗಿ ಬಾಯಿ ಮುಚ್ಚಿಕೊಂಡ. ಕೈಗೆ ಜೀವವಿಲ್ಲದವನಿಗೆ ಏನು ಗೊತ್ತಾಗಬೇಕು ಎಂದುಕೊಂಡು ಅವಳು ಆ ಬೆರಳುಗಳನ್ನು ಸವರಿದಳು.

"ವಾಪಸ್ ಕೊಟ್ಟು ಬರೋಣ," ಎಂದ ಅವನು.

"ಇರು." ಮರುಕ ಬಂದರೂ ಅವಳ ತಲೆ ತನ್ನ ಕಸುಬು ಬಿಡಲಿಲ್ಲ. "ಒಂದು ಅವನ ಹತ್ರ ಇದೆ, ಒಂದು ನಮ್ಮ ಹತ್ರ. ಇದಿಲ್ದೆ ಅವನದಕ್ಕೆ ಮೂರು ಕಾಸು ಬೆಲೆಯಿಲ್ಲ. ಈಗ ಹೋಗಿ ನೂರು ಅಂದ್ರೆ—"

"ಅದು ಕಳ್ಳತನ ಕಣೇ."

"ಅದಿಲ್ದೆ ನಮ್ಮದಕ್ಕೂ ಬೆಲೆ ಇಲ್ಲ. ಲೆಕ್ಕ ಸಮ ಆಯ್ತಲ್ಲ."

"ನಾನು ಜನರನ್ನ ಒಂದು ಅರ್ಧ ಟಿಕೆಟ್‌ಗೆ ಹಿಡಿದು ನಿಲ್ಲಿಸಿದೋನು," ಎಂದ ದೆಶಾನ್. ಅಷ್ಟು ಉದ್ದದ ವಾಕ್ಯ ಅವನಿಂದ ಬಂದು ಎಷ್ಟೋ ಕಾಲವಾಗಿತ್ತು.

ಅಷ್ಟರಲ್ಲಿ ಛುನ್‌ಯಾನ್ ಏದುಸಿರು ಬಿಡುತ್ತಾ ಬಂದಳು. "ಶೂಹುವಾ, ಮಾನ ಹೋಯ್ತು. ಅಕ್ರೋಟು ಸಾಲಲ್ಲಿ ಯಾರೋ ಕೆಂಪು ಟೋಪಿ ಕಳ್ಳರಂತೆ. ನಮ್ಮೋರನ್ನೆಲ್ಲ ಹಿಡ್ಕೊಂಡಿದಾರೆ. ಲೆಕ್ಕದ ಮೇಷ್ಟ್ರ ಚೀಲ ಜಾಲಾಡಿಸಿದ್ರು, ಒಳಗೆ ಬರೀ ಬೇಯಿಸಿದ ಮೊಟ್ಟೆ. ಗೈಡ್ ಹುಡುಗಿ ಅಳ್ತಾ ಕೂತಿದಾಳೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಶೂಹುವಾಳ ಕೈ ತಾನಾಗಿಯೇ ತಲೆಯ ಟೋಪಿಗೆ ಹೋಯಿತು. ಇನ್ನು ಯೋಚಿಸುವ ದಾರಿ ಉಳಿದಿರಲಿಲ್ಲ. ಬಿಟ್ಟು ಬಂದ ಅಂಗಡಿಗೆ ಜೀವಮಾನದಲ್ಲಿ ತಾನಾಗಿ ಹಿಂದಿರುಗದವಳು ಹಿಂದಿರುಗಿದಳು, ಪಕ್ಕದಲ್ಲಿ ಗಂಡ, ಹಿಂದೆ ಫೋನು ಎತ್ತಿ ಹಿಡಿದ ಛುನ್‌ಯಾನ್.

ಲುವೋ ಕೆಂಪು ಬಟ್ಟೆಯ ನಟ್ಟನಡುವೆ ಒಂಟಿ ಅಕ್ರೋಟನ್ನು ಇಟ್ಟು ಬಂದವರಿಗೆಲ್ಲ ತೋರಿಸುತ್ತಿದ್ದ. ಸುತ್ತ ಗುಂಪು, ಗುಂಪಿನಲ್ಲಿ ಕೆಂಪು ಟೋಪಿಗಳೆಲ್ಲ ತಲೆ ತಗ್ಗಿಸಿ ನಿಂತಿದ್ದವು. ಶೂಹುವಾ ಅಕ್ರೋಟನ್ನು ಬಟ್ಟೆಯ ಮೇಲೆ ಇಟ್ಟಳು.

"ಬಂದ್ರು ನೋಡಿ," ಎಂದ ಲುವೋ. "ನಾನು ಇಲ್ಲಿ ಗಂಟಲು ಹರಿದ್ಕೊಂಡ್ರೆ ಅಮ್ಮಾವ್ರು ಮೆರವಣಿಗೆ ಹೋದ ಹಾಗೆ ಹೋಗ್ತಾರೆ."

"ಬೆಲೆ ಇಳಿಸೋಕೆ ಕರೀತಿದೀಯ ಅಂದ್ಕೊಂಡೆ."

"ಅದನ್ನ ನಂಬೋಕೆ ನಾನೇನು ಎಳೇ ಮಗುವಾ?"

"ನೀನು ಸಾಮಾನಿನ ಮೇಲೆ ಕಣ್ಣಿಡಬೇಕಾಗಿತ್ತು," ಎಂದಳು ಶೂಹುವಾ. ಹೇಳುವಾಗಲೇ ಅದು ಸರಿಯಲ್ಲ ಎಂದು ಅವಳಿಗೆ ತಿಳಿದಿತ್ತು. ಆದರೆ ಆ ನಾಲಿಗೆ ಹಳೇ ಗಾಣದ ಎತ್ತು, ಕಟ್ಟದಿದ್ದರೂ ಸುತ್ತುತ್ತದೆ. "ಆಯ್ತು ಬಿಡು. ನೂರಕ್ಕೆ ಕೊಡು, ಎಲ್ಲಾ ಇಲ್ಲಿಗೇ ಮುಗಿಸೋಣ."

ಗುಂಪು ಓಹೋ ಎಂದಿತು. ಲುವೋ ಎದ್ದು ನಿಂತ. "ಕದ್ದ ಮಾಲಿಗೆ ಚೌಕಾಸಿ ಮಾಡೋದನ್ನ ಇವತ್ತೇ ನೋಡಿದ್ದು. ಏನಣ್ಣ, ನೋಡಿದ್ರೆ ದೊಡ್ಡ ಮನುಷ್ಯರ ಹಾಗಿದೀರಿ. ಹೆಂಡ್ತಿ ಮಾತಾಡ್ತಾ ಇರೋದು, ಗಂಡ ಎತ್ತೋದು, ಇದೇನಾ ನಿಮ್ಮೂರ ಪದ್ಧತಿ?"

ದೆಶಾನ್ ಮುಖ ಮೂಲಂಗಿಯ ಹಾಗೆ ಬಿಳಿಚಿತು. ಅವನು ಟೋಪಿ ತೆಗೆದ. "ತಗೊಂಡೋನು ನಾನು," ಎಂದ. "ಅವಳಿಗೆ ಏನೂ ಗೊತ್ತಿಲ್ಲ."

ಆ ಮಾತು ಶೂಹುವಾಳಿಗೆ ಹೇಗೆ ತಗುಲಿತೆಂದು ಹೇಳುವುದು ಕಷ್ಟ. ಒಂದು ಬೆಂಕಿಪೆಟ್ಟಿಗೆಯನ್ನೂ ಬೇರೆಯವರದ್ದೆಂದು ಮುಟ್ಟದ ಗಂಡ ಬೀಜಿಂಗಿನ ಬೀದಿಯಲ್ಲಿ ಟೋಪಿ ತೆಗೆದು ಕಳ್ಳನ ಹಾಗೆ ನಿಂತಿದ್ದ. ಬಡತನ ತೋರಿಸಬೇಕು ಆದರೆ ನಿಜವಾದ ಕಷ್ಟ ತೋರಿಸಕೂಡದು ಎಂಬುದು ಅವಳ ವ್ಯಾಪಾರದ ಮೂಲಮಂತ್ರ. ಅದನ್ನು ಅವಳು ಆ ಕೆಂಪು ಬಟ್ಟೆಯ ಮೇಲೆ ಎತ್ತಿ ಒಗೆದಳು.

"ಅವನಿಗೆ ಗೊತ್ತಾಗಲ್ಲ," ಎಂದಳು. "ಆ ಕೈಗೆ ಜೀವ ಇಲ್ಲ. ವಸಂತದಲ್ಲಿ ತಲೇಲಿ ರಕ್ತ ಕಟ್ಟಿತ್ತು. ಕೈಯಲ್ಲಿ ಏನಿದೆ ಅಂತ ಅವನಿಗೆ ಗೊತ್ತಾಗಲ್ಲ, ಏನಿಲ್ಲ ಅಂತನೂ ಗೊತ್ತಾಗಲ್ಲ. ಭುಜದ ನೋವು ಅಂತ ನಾನೇ ಎಲ್ಲರಿಗೂ ಸುಳ್ಳು ಹೇಳ್ಕೊಂಡು ಬಂದೆ."

"ಹೇಳೋದು ಸುಲಭ," ಎಂದ ಗುಂಪಿನಲ್ಲಿ ಒಬ್ಬ.

"ಸುಲಭನಾ? ನೋಡು ಇಲ್ಲಿ." ಶೂಹುವಾ ಗಂಡನ ಬಲಗೈ ಎತ್ತಿ ಎಲ್ಲರಿಗೂ ಕಾಣುವ ಹಾಗೆ ಹಿಡಿದಳು. ಹೆಬ್ಬೆರಳಿನ ಉಗುರು ಊರಿ, ಮುಂಗೈಯ ಚರ್ಮವನ್ನು ಚಿವುಟಿ ಹಿಡಿದು, ಒಂದು ಸುತ್ತು ತಿರುವಿದಳು. ನೋಡಿದವರ ಹಲ್ಲು ಜುಮ್ಮೆಂದಿತು. ಮಣಿ ಅಂಗಡಿಯವಳು ತನ್ನ ಕೈಯನ್ನೇ ತಿಕ್ಕಿಕೊಂಡಳು.

ದೆಶಾನ್ ಕಣ್ಣು ಕೂಡ ಮಿಟುಕಿಸಲಿಲ್ಲ. ಗೋಡೆಯಂಥ ಮುಖ ಹೊತ್ತು ಎದುರಿನ ಗಡಿಯಾರಗಳನ್ನು ನೋಡುತ್ತಾ ನಿಂತಿದ್ದ.

ಛುನ್‌ಯಾನ್ ಫೋನು ಕೆಳಗಿಳಿಸಿದಳು, ಅವಳ ಬಾಳಿನಲ್ಲಿ ಅದು ಅಪರೂಪದ ಘಟನೆ. ಲುವೋ ಬಾಯಲ್ಲಿದ್ದ ಸೂರ್ಯಕಾಂತಿ ಬೀಜವನ್ನು ನುಂಗಲೂ ಆಗದೆ ಉಗುಳಲೂ ಆಗದೆ ಕೆನ್ನೆಗೆ ಸರಿಸಿದ.

"ನಮ್ಮಪ್ಪಂಗೂ ಹೀಗೇ ಆಗಿತ್ತು," ಎಂದ. ಎರಡೂ ಅಕ್ರೋಟುಗಳನ್ನು ಪೆಟ್ಟಿಗೆಗೆ ಹಾಕಿ ದೆಶಾನ್ ಕಡೆ ಚಾಚಿದ. "ತಗೊಂಡು ಹೋಗಿ ಅಣ್ಣ. ದುಡ್ಡು ಬೇಡ. ನಾನು ಅಂದದ್ದನ್ನ ಮರೆತುಬಿಡಿ."

ಇಷ್ಟಕ್ಕೇ ಮುಗಿದಿದ್ದರೆ ಎಲ್ಲರೂ ಕಣ್ಣೊರೆಸಿಕೊಂಡು ಬಸ್ಸು ಹತ್ತಬಹುದಾಗಿತ್ತು. ಶೂಹುವಾಳಿಗೆ ಮೂಗಿನ ತುದಿಗೆ ಸಿಟ್ಟು ಬಂತು.

"ದುಡ್ಡು ಬೇಡವಾ? ನಾವೇನು ಬೇಡೋಕೆ ಬಂದಿದೀವಾ? ಬೆಲೆ ಹೇಳು."

"ಬೇಡ ಅಕ್ಕ."

"ಹೇಳು ಅಂದೆ."

"ಸರಿ, ಐವತ್ತು ಕೊಡಿ."

"ಐವತ್ತು?" ಅವಳು ಪೆಟ್ಟಿಗೆ ಕಿತ್ತುಕೊಂಡು ಜನರಿಗೆ ತೋರಿಸಿದಳು. "ನೋಡಿ ಸ್ವಾಮಿ, ಈ ಗೀರು ನೋಡಿ, ಬೆಟ್ಟ ಕಡೆದು ಇಟ್ಟ ಹಾಗಿದೆ. ಬಣ್ಣ ನೋಡಿ, ಜೇನು. ಎರಡೂ ಅವಳಿ ಮಕ್ಕಳು. ಇದಕ್ಕೆ ಐವತ್ತಂತೆ. ಇನ್ನೂರ ಅರವತ್ತು, ನೀನೇ ಹೇಳಿದ್ದು."

"ಅದು ಸುಮ್ನೆ ಹೇಳಿದ್ದು. ನೋಡಿ, ತಳದಲ್ಲಿ ಸಣ್ಣ ಬಿರುಕಿದೆ, ನೀವು ನೋಡ್ಲಿಲ್ಲ. ಆ ಹೊಳಪು ಅಕ್ರೋಟಿಂದಲ್ಲ, ನಾನು ಹಚ್ಚಿದ ಎಣ್ಣೆದು. ಎಪ್ಪತ್ತು. ಅದಕ್ಕಿಂತ ಒಂದು ಕಾಸು ಹೆಚ್ಚು ಮುಟ್ಟಲ್ಲ."

"ಇನ್ನೂರ ನಲವತ್ತು. ಕಡಿಮೆ ತಗೊಂಡು ನನ್ನ ಹೆಸರು ಕೆಡಿಸ್ಬೇಡ."

"ಎಂಬತ್ತು. ನನಗೂ ಹೆಂಡ್ತಿ ಮಕ್ಕಳಿದಾರೆ, ಪಾಪ ಹೊತ್ಕೊಳ್ಳೋಕಾಗಲ್ಲ."

"ಇನ್ನೂರಕ್ಕೆ ತಗೋತೀಯೋ ಇಲ್ಲ ನಾನು ಹೊರಟೆ."

ಸಾಲಿನವರೆಲ್ಲ ಅಂಗಡಿ ಬಿಟ್ಟು ಬಂದು ನಿಂತಿದ್ದರು. ಕೆಲವರು ಮಾರುವವನ ಕಡೆ, ಕೆಲವರು ಕೊಳ್ಳುವವಳ ಕಡೆ. ಯಾರ ಕಡೆ ಇದ್ದರೆ ಏನು ಗೆದ್ದಂತೆ ಎಂದು ಮಾತ್ರ ಯಾರಿಗೂ ಸ್ಪಷ್ಟವಿರಲಿಲ್ಲ. ಗೈಡ್ ಹುಡುಗಿ ಬಸ್ಸಿನ ಹೊತ್ತಾಯಿತೆಂದು ಬಾವುಟ ಬೀಸಿದಳು, ಯಾರೂ ನೋಡಲಿಲ್ಲ. ಶೂಹುವಾ ನಿಜವಾಗಿಯೂ ಹೊರಟು ಎರಡು ಹೆಜ್ಜೆ ಹಾಕಿದಳು, ಲುವೋ ನಿಜವಾಗಿಯೂ ತೊಂಬತ್ತಕ್ಕೆ ಬಂದ. ಆಗ ಬಿಳಿ ಡಬ್ಬಿ ಕೂಗಿತು:

"ನೂರ ಎಂಬತ್ತೆಂಟು ಯುವಾನ್ ಬಂದಿದೆ."

ದೆಶಾನ್ ಎಡಗೈಯಲ್ಲಿ ಫೋನು ಹಿಡಿದು ನಿಂತಿದ್ದ. ಒಬ್ಬ ಗಂಡಸು ತನ್ನ ಬಾಳಿನ ಮೊದಲ ವ್ಯಾಪಾರವನ್ನು ಮಾಡಿ ಮುಗಿಸಿದ್ದ. ಲುವೋ ಹೆಚ್ಚಾಯಿತು ಎನ್ನಲು ಬಾಯಿ ತೆರೆದ, ಶೂಹುವಾ ಕಡಿಮೆಯಾಯಿತು ಎನ್ನಲು ಬಾಯಿ ತೆರೆದಳು. ಆದರೆ ಎಂಟರ ಪಕ್ಕದಲ್ಲಿ ಎಂಟು, ಅದೃಷ್ಟದ ಮೇಲೆ ಅದೃಷ್ಟ. ಅದಕ್ಕೆ ಒಂದು ಸೇರಿಸುವ ಅಥವಾ ಕಳೆಯುವ ಎದೆ ಯಾರಿಗಿದೆ. ಇಬ್ಬರೂ ಬಾಯಿ ಮುಚ್ಚಿಕೊಂಡರು.

ಬಸ್ಸಿನಲ್ಲಿ ಗಲಾಟೆಯೋ ಗಲಾಟೆ. ಶೂಹುವಾ ಗೆದ್ದಳೋ ಸೋತಳೋ ಎಂದು ಒಂದು ಗುಂಪು ಲೆಕ್ಕ ಹಾಕುತ್ತಿತ್ತು, ಬೇಯಿಸಿದ ಮೊಟ್ಟೆಯ ಮೇಷ್ಟ್ರು ಅದರ ಮುಂದಾಳು. ಇನ್ನೊಂದು ಗುಂಪು ದೆಶಾನ್ ಕೈಗೆ ಮದ್ದು ಹೇಳುತ್ತಿತ್ತು. ತಾಯ್‌ಯುವಾನ್ ಇರುವ ಶಾನ್‌ಶಿ ಸೀಮೆಯವರಿಗೆ ಹುಳಿರಸದಿಂದ, ಅಂದರೆ ವಿನೆಗರಿನಿಂದ, ವಾಸಿಯಾಗದ ಕಾಯಿಲೆಯಿಲ್ಲ, ಹಾಗಾಗಿ ಬಿಸಿ ಹುಳಿರಸದಲ್ಲಿ ಕೈ ನೆನೆಸುವುದೇ ಸರಿ ಎಂದು ತೀರ್ಮಾನವಾಯಿತು. ಛುನ್‌ಯಾನ್ ಬಂದು ಶೂಹುವಾಳ ತೊಡೆಯ ಮೇಲೆ ಒಂದು ಕಿತ್ತಳೆ ಇಟ್ಟು, "ಮೊದಲೇ ಹೇಳಬಾರದಿತ್ತಾ, ಹುಚ್ಚಿ. ದಿನಾ ನಾನು ಬಂದು ತಿಕ್ತಿದ್ದೆ," ಎಂದು ಹೇಳಿ, ಹಿಡಿದಿದ್ದ ವಿಡಿಯೊವನ್ನು ಅವಳ ಎದುರೇ ಅಳಿಸಿ ಹೋದಳು. ಶೂಹುವಾ ಕಿತ್ತಳೆ ಸುಲಿಯತೊಡಗಿದಳು. ಇಷ್ಟು ತಿಂಗಳು ಒಬ್ಬಳೇ ಹೊತ್ತಿದ್ದ ಹೆದರಿಕೆ ಈಗ ಇಡೀ ಬಸ್ಸಿನ ಪಾಲಾಗಿ ಹಂಚಿಹೋಗಿತ್ತು. ಅವಳಿಗೆ ಹಗುರವಾಯಿತು, ಜೊತೆಗೆ ನಾಚಿಕೆಯೂ ಆಯಿತು.

ದೆಶಾನ್ ಕಿಟಕಿಯ ಪಕ್ಕ ಕೂತು ಅಕ್ರೋಟುಗಳನ್ನು ಬಲಗೈಯಲ್ಲಿ ಉರುಳಿಸಲು ನೋಡುತ್ತಿದ್ದ. ಅವು ಬೀಳುತ್ತಿದ್ದವು, ಅವಳು ಬಗ್ಗಿ ಹೆಕ್ಕಿ ಕೊಡುತ್ತಿದ್ದಳು.

"ಒಂದು ಮಾತು," ಎಂದ ಅವನು ಮೆಲ್ಲಗೆ. "ಬೈಬಾರದು."

"ಏನು?"

"ಅಂಗಡೀಲಿ ಅದನ್ನ ಕೈಲಿ ಇಟ್ಕೊಂಡಾಗ ನನಗೆ ಗೊತ್ತಾಯ್ತು."

"ಏನು ಗೊತ್ತಾಯ್ತು?"

"ಒರಟಾಗಿದೆ ಅಂತ. ಚುಚ್ಚಿದ ಹಾಗಾಯ್ತು. ಏನೋ ಭ್ರಮೆ ಅಂತ ಗಟ್ಟಿಯಾಗಿ ಹಿಡ್ಕೊಂಡೆ, ಇನ್ನೂ ಚೆನ್ನಾಗಿ ಗೊತ್ತಾಯ್ತು. ನೀನು ನಡಿ ಅಂದೆ. ಬಿಡೋಕೆ ಮನಸ್ಸು ಬರ್ಲಿಲ್ಲ. ಬಿಟ್ರೆ ಮತ್ತೆ ಹೋಗಿಬಿಡುತ್ತೆ ಅನ್ನಿಸ್ತು."

ಶೂಹುವಾ ಅವನನ್ನೇ ನೋಡಿದಳು. ಒಂದು ಮಾತನ್ನು ಎರಡು ಸಲ ಕೇಳಿಸಿಕೊಂಡು ಅರ್ಥ ಮಾಡಿಕೊಳ್ಳುವ ಅಭ್ಯಾಸ ಅವಳಿಗಿರಲಿಲ್ಲ.

"ಹಾಗಾದ್ರೆ ಗೊತ್ತಿದ್ದೇ ತಂದೆ."

"ಗೊತ್ತಿದ್ದೇ ತಂದೆ. ಅಲ್ಲಿ ಹೇಳಿದ್ನಲ್ಲ, ತಗೊಂಡೋನು ನಾನು ಅಂತ. ನೀನೇ ಬಿಡ್ಲಿಲ್ಲ."

"ಮತ್ತೆ ನಾನು ಚಿವುಟಿದೆನಲ್ಲ."

"ಜೀವ ಹೋದ ಹಾಗಾಯ್ತು."

"ಮಿಸುಕಲೇ ಇಲ್ಲ ನೀನು."

"ಅಷ್ಟು ಜನರ ಎದುರು ನಿನ್ನ ಮಾತನ್ನ ಸುಳ್ಳು ಮಾಡ್ಲಾ?"

ಅವಳು ಅವನ ಕೈ ತಿರುಗಿಸಿ ನೋಡಿದಳು. ಮುಂಗೈಯ ಮೇಲೆ ಅವಳ ಉಗುರಿನ ಗುರುತು ಕೆಂಪಗೆ ಊದಿಕೊಂಡಿತ್ತು. ಅವಳಿಗೆ ಅಳು ನುಗ್ಗಿ ಬಂತು, ಬಸ್ಸಿನವರಿಗೆ ಕಾಣದಿರಲೆಂದು ಕೆಂಪು ಟೋಪಿಯನ್ನು ಹಣೆಗೆ ಎಳೆದುಕೊಂಡಳು. ಆಮೇಲೆ ಆ ಗುರುತಿನ ಪಕ್ಕದಲ್ಲೇ ಉಗುರು ಊರಿ ಮೆಲ್ಲಗೆ ಚಿವುಟಿದಳು.

"ಈಗ?"

"ನೋಯ್ತು."

ಅವಳು ಕಿರುಬೆರಳ ಹತ್ತಿರ ಚಿವುಟಿದಳು. "ಇಲ್ಲಿ?"

"ನೋಯ್ತು ಕಣೇ. ಬಿಡು."

ಹೋಟೆಲು ಬರುವವರೆಗೂ ಅವಳು ಬಿಡಲಿಲ್ಲ.